ಗೋಡೆಯ ಮುಂದೆ ಬಾರದ ನಾಚಿಕೆ

ನಮ್ಮ ಗಂಡಸರಿಗೆ ನಾಚಿಕೆ ಇಲ್ಲ ಎಂದು ಯಾರು ಹೇಳಿದ್ದು? ಇದೆ. ಧಾರಾಳವಾಗಿದೆ. ಅದು ಮೂತ್ರರೋಗ ತಜ್ಞರ ಕೋಣೆಯ ಬಾಗಿಲಲ್ಲಿ ಕಾದು ಕೂತಿರುತ್ತದೆ, ಅಷ್ಟೆ. ಬೇರೆ ಕಡೆ ಹುಡುಕಬೇಡಿ. ಸಿಗುವುದಿಲ್ಲ.

ಹಾಡಹಗಲು ಶಾಲೆಯ ಕಾಂಪೌಂಡಿಗೆ ಮುಖ ಮಾಡಿ ನಿಂತವನಿಗೆ ನಾಚಿಕೆ ಇಲ್ಲ. ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಸೈಟಿನ ವ್ಯವಹಾರ ಮಾತಾಡುತ್ತಿರುತ್ತಾನೆ. ಕಣ್ಣೆದುರೇ 'ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು' ಎಂದು ಬರೆದಿದೆ. ಓದುತ್ತಲೇ ಮುಗಿಸುತ್ತಾನೆ. ಸಾಕ್ಷರತೆಗೆ ಅಷ್ಟಾದರೂ ಉಪಯೋಗವಿದೆ. ಗೋಡೆಗೆ ದೇವರ ಟೈಲ್ಸ್ ಅಂಟಿಸಿ ನೋಡಿದರು. ಭಕ್ತ ಮೂರಡಿ ಪಕ್ಕಕ್ಕೆ ಸರಿದ.

ಇದೇ ಮಹಾಶಯನಿಗೆ ಐವತ್ತೈದು ದಾಟುತ್ತದೆ. ಗೋಡೆ ಮುಟ್ಟುತ್ತಿದ್ದ ಧಾರೆ ಈಗ ಚಪ್ಪಲಿ ಮುಟ್ಟುತ್ತದೆ. ನಿಂತು ಕಾಯಬೇಕು. ಬಂದರೂ ತುಂಡು ತುಂಡು. ಮುಗಿಯಿತೆಂದು ಜಿಪ್ ಎಳೆದ ಮೇಲೆ ಇನ್ನೆರಡು ಹನಿ. ರಾತ್ರಿ ನಾಲ್ಕು ಸಲ ಏಳಬೇಕು. ಆಗ ಅವನಿಗೆ ಜೀವಮಾನದಲ್ಲೇ ಮೊದಲ ಬಾರಿಗೆ ಮರ್ಯಾದೆಯ ನೆನಪಾಗುತ್ತದೆ. 'ಛೆ, ಇದನ್ನೆಲ್ಲ ಡಾಕ್ಟರ ಹತ್ರ ಹೇಗ್ರೀ ಹೇಳೋದು?'

ಊರಿಗೆಲ್ಲ ತೋರಿಸಿದ್ದನ್ನು ಒಬ್ಬ ಡಾಕ್ಟರಿಗೆ ಹೇಳಲಾರ.

ವಿಷಯ ಅಷ್ಟು ಗುಟ್ಟಿನದೂ ಅಲ್ಲ. ಪ್ರಾಸ್ಟೇಟ್ ಗ್ರಂಥಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಕೂತಿದೆ. ಹರೆಯದಲ್ಲಿ ಸುಮಾರು 20 ಗ್ರಾಂ ತೂಕ; ಒಂದು ಗೋಟಡಿಕೆಯಷ್ಟು ಎನ್ನಿ. ವೀರ್ಯದ ದ್ರವದಲ್ಲಿ ಒಂದು ಪಾಲು ತಯಾರಿಸುವುದು ಅದರ ಉದ್ಯೋಗ. ಅಷ್ಟು ಮಾಡಿಕೊಂಡು ತೆಪ್ಪಗಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಆದರೆ ಮೂತ್ರನಾಳ ಹಾದುಹೋಗುವುದೇ ಅದರ ನಟ್ಟನಡುವಿನಿಂದ. ಈ ನಕ್ಷೆಗೆ ಯಾವ ಎಂಜಿನಿಯರ್ ಸಹಿ ಹಾಕಿದನೋ, ಬೆಂಗಳೂರಿನ ಅಂಡರ್‌ಪಾಸುಗಳ ಗುತ್ತಿಗೆಯೂ ಅವನಿಗೇ ಸಿಕ್ಕಿರಬೇಕು.

ವಯಸ್ಸಾದಂತೆ ಗಂಡಸಿನಲ್ಲಿ ಎಲ್ಲವೂ ಕುಗ್ಗುತ್ತದೆ. ಇದೊಂದು ಬೆಳೆಯುತ್ತದೆ. ಬೆಳೆದು ನಾಳವನ್ನು ಅದುಮುತ್ತದೆ. ಐವತ್ತರಿಂದ ಅರುವತ್ತರ ನಡುವಿನ ಅರ್ಧದಷ್ಟು ಗಂಡಸರಲ್ಲಿ ಈ ಬೆಳವಣಿಗೆ ಕಾಣುತ್ತದೆ. ಎಂಬತ್ತು ದಾಟಿದರೆ ಹತ್ತಕ್ಕೆ ಎಂಟು ಮಂದಿ. ಇಷ್ಟು ಜನರಿಗೆ ಬರುವ ಇನ್ನೇನಾದರೂ ಇದ್ದಿದ್ದರೆ ಇಷ್ಟು ಹೊತ್ತಿಗೆ ಅದಕ್ಕೊಂದು ಸಂಘ, ಒಂದು ಸಮುದಾಯ ಭವನ, ಒಂದು ನಿಗಮ, ನಿಗಮಕ್ಕೊಬ್ಬ ಅಧ್ಯಕ್ಷ ಆಗಿರುತ್ತಿದ್ದರು. ಇದಕ್ಕೆ ಮಾತ್ರ ಯಾರೂ ಸದಸ್ಯರಿಲ್ಲ. ಕೇಳಿ ನೋಡಿ. ಯಾರಿಗೂ ಇಲ್ಲವೇ ಇಲ್ಲ.

ಎಲ್ಲರಿಗೂ ಬರೀ 'ಉಷ್ಣ'.

ಕನ್ನಡದ ಗಂಡಸಿಗೆ ಸೊಂಟದ ಕೆಳಗೆ ಬರುವ ಕಾಯಿಲೆ ಇದೊಂದೇ. ಉರಿಯಾದರೆ ಉಷ್ಣ. ಕಟ್ಟಿದರೆ ಉಷ್ಣ. ಕೆಂಪಗೆ ರಕ್ತ ಹೋದರೂ ಉಷ್ಣ. ಅದಕ್ಕೆ ಎಳನೀರು, ಬಾರ್ಲಿ ನೀರು, ಬಾಳೆದಿಂಡಿನ ರಸ, ನೆಗ್ಗಿನ ಮುಳ್ಳಿನ ಕಷಾಯ. ಮೂತ್ರ ಹೊರಗೆ ಬರುತ್ತಿಲ್ಲ ಎಂದು ಒಳಗೆ ಇನ್ನೆರಡು ಲೀಟರ್ ಸುರಿದುಕೊಳ್ಳುವ ಚಿಕಿತ್ಸೆ. ಚರಂಡಿ ಕಟ್ಟಿದಾಗ ಮೇಲಿಂದ ಟ್ಯಾಂಕರ್ ನೀರು ಬಿಡಲು ಮಹಾನಗರ ಪಾಲಿಕೆಗೂ ಧೈರ್ಯ ಸಾಲದು.

ಕೊನೆಗೊಂದು ದಿನ ಮದುವೆ ಮನೆ. ನೆಗಡಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಕೊಂಡ ಮಾತ್ರೆ. ಸಂಜೆ ಭಾವಮೈದುನನ ಜೊತೆ ಎರಡು ಪೆಗ್ಗು. ರಾತ್ರಿ ಬಸ್ಸು. ನೆಗಡಿ ಮಾತ್ರೆಯೊಳಗಿನ ಔಷಧಿ ಮೂತ್ರಕೋಶದ ಕುತ್ತಿಗೆಯನ್ನು ಬಿಗಿಯುತ್ತದೆ. ಮೂತ್ರಕೋಶದ ಸ್ನಾಯುವನ್ನು ಸಡಿಲಿಸಿ ಹಿಂಡುವ ಶಕ್ತಿಯನ್ನೂ ಕಸಿಯುತ್ತದೆ. ಹೆಂಡ ಮೂತ್ರವನ್ನು ಹೆಚ್ಚಿಸುತ್ತದೆ. ಬಸ್ಸು ನಿಲ್ಲುವುದಿಲ್ಲ. ನಸುಕಿನ ಹೊತ್ತಿಗೆ ಹೊಟ್ಟೆಯ ಕೆಳಗೆ ಕಲ್ಲಿನಂಥ ಗಡ್ಡೆ, ಒಂದು ಹನಿಯೂ ಇಲ್ಲ, ಮುಖದಲ್ಲಿ ಬೆವರು. ತುರ್ತು ಘಟಕದಲ್ಲಿ ನಳಿಕೆ ತೂರಿಸಿದಾಗ ಲೀಟರುಗಟ್ಟಲೆ ಬರುತ್ತದೆ. ನರ್ಸ್, ಆಯಾ, ಇಬ್ಬರು ವಿದ್ಯಾರ್ಥಿಗಳು, ಪಕ್ಕದ ಹಾಸಿಗೆಯವನ ಬೀಗರು ಎಲ್ಲರೂ ನೋಡುತ್ತಿರುತ್ತಾರೆ. ಮುಚ್ಚಿದ ಕೋಣೆಯಲ್ಲಿ ಒಬ್ಬರಿಗೆ ಹೇಳಲು ನಾಚಿದ್ದರ ಫಲ ಇದು.

ಮನೆಗೆ ಬಂದು ಏನು ಹೇಳುತ್ತಾನೆ? 'ಪ್ರಯಾಣದಲ್ಲಿ ಸ್ವಲ್ಪ ಉಷ್ಣ ಆಗಿತ್ತು.' ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಿಲ್ಲ. ಚೀಲ ಕಾಲಿಗೆ ಕಟ್ಟಿದೆ, ಪಂಚೆಯೊಳಗೆ.

ಇನ್ನೂ ಜಾಣರಿದ್ದಾರೆ. ಅವರಿಗೆ ಹೀಗೆ ಒಮ್ಮೆಲೇ ಕಟ್ಟುವುದಿಲ್ಲ. ದಿನವೂ ಅಷ್ಟಷ್ಟು ಉಳಿಯುತ್ತದೆ. ಉಳಿದದ್ದು ಹಿಮ್ಮುಖವಾಗಿ ಒತ್ತಿ ಮೂತ್ರಪಿಂಡವನ್ನು ಊದಿಸುತ್ತದೆ. ನೋವಿಲ್ಲ, ಹಾಗಾಗಿ ಕಾಯಿಲೆಯೂ ಇಲ್ಲ. ಕಾಲು ಬಾತು ಕ್ರಿಯಾಟಿನಿನ್ ಏರಿದ ಮೇಲೆ ಬರುತ್ತಾರೆ. ಅಲ್ಲಿಯವರೆಗೂ ಅವರು ಮಾಡಿಕೊಂಡ ಉಪಾಯವೆಂದರೆ ನೀರು ಕುಡಿಯುವುದನ್ನೇ ಬಿಟ್ಟದ್ದು, ಸಮಾರಂಭಗಳಲ್ಲಿ ಕೊನೆಯ ಸಾಲಿನ ಅಂಚಿನ ಕುರ್ಚಿ ಹಿಡಿದದ್ದು, ಯಾವ ಊರಿಗೆ ಹೋದರೂ ಮೊದಲು ಶೌಚಾಲಯ ಎಲ್ಲಿದೆ ಎಂದು ನೋಡಿಟ್ಟುಕೊಂಡದ್ದು. ಬಸ್‌ಸ್ಟ್ಯಾಂಡಿನಲ್ಲಿ ಶೌಚಾಲಯ ಹುಡುಕುವ ಕಸುಬು ನಮ್ಮ ಹೆಂಗಸರಿಗೆ ಶಾಲೆಗೆ ಹೋಗುವಾಗಲೇ ಬಂದಿರುತ್ತದೆ. ಗಂಡಸಿಗೆ ಅರುವತ್ತಕ್ಕೆ ಬರುತ್ತದೆ. ಬಂದಾಗ ಪತ್ರಿಕೆಗೆ 'ಸಾರ್ವಜನಿಕ ಸೌಲಭ್ಯಗಳ ಕೊರತೆ' ಎಂದು ವಾಚಕರ ವಾಣಿ ಬರೆಯುತ್ತಾನೆ. ಮಹಿಳಾ ಸಿಬ್ಬಂದಿಗೆ ಶೌಚಾಲಯ ಕೊಡಿ ಎಂಬ ಅರ್ಜಿಯನ್ನು 'ನಿಧಿ ಇಲ್ಲ' ಎಂದು ಬದಿಗಿಟ್ಟ ಅಧಿಕಾರಿಯೂ ನಿವೃತ್ತನಾದ ಮೇಲೆ ಇದನ್ನೇ ಬರೆಯುತ್ತಾನೆ.

ಹೆಂಗಸರ ಮಾತು ಬಂತಲ್ಲ. ಹೆಂಡತಿಯ ಗರ್ಭಕೋಶದ ಬಗ್ಗೆ ನಮ್ಮ ಗಂಡಸಿಗೆ ಯಾವ ಸಂಕೋಚವೂ ಇಲ್ಲ. 'ತೆಗೆಸಿಬಿಡಿ ಡಾಕ್ಟ್ರೇ, ರಗಳೆ ಬೇಡ' ಎಂದು ಕೌಂಟರಿನಲ್ಲೇ ನಿಂತು ಹೇಳಬಲ್ಲ. ಸೊಸೆಗೆ ಮಕ್ಕಳಾಗದಿದ್ದರೆ ಅವಳ ಸ್ಕ್ಯಾನ್ ವರದಿಯನ್ನು ನಡುಮನೆಯಲ್ಲಿ ಹರವಿ ಚರ್ಚೆ. ಮಗನ ವೀರ್ಯ ಪರೀಕ್ಷೆ ಎಂದರೆ ಎಲ್ಲರೂ ಎದ್ದು ಕಾಫಿ ಕುಡಿಯಲು ಹೋಗುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ದೇಶದ ಗಂಡಸುತನಕ್ಕೆ ಅಂಕಪಟ್ಟಿ ಕೊಟ್ಟಿದೆ. ಸಮೀಕ್ಷೆಯ ದಂಪತಿಗಳಲ್ಲಿ ಸಂತಾನಶಕ್ತಿಹರಣ ಚಿಕಿತ್ಸೆಯನ್ನು ಹೆಂಡತಿಗೆ ಮಾಡಿಸಿದವರು ಶೇ. 37.9. ಗಂಡ ಮಾಡಿಸಿಕೊಂಡದ್ದು ಶೇ. 0.3. ಆ ಸೊನ್ನೆಯ ಮುಂದಿನ ಚುಕ್ಕೆಯೇ ನಮ್ಮ ಶೌರ್ಯ.

ಸರಿ, ಕೊನೆಗೂ ಡಾಕ್ಟರ ಮುಂದೆ ಬಂದ ಎನ್ನಿ. ಅವರು ಕೈಗವಸು ತೊಟ್ಟು, ಒಂದು ಬೆರಳಿನಲ್ಲಿ ಗುದದ್ವಾರದ ಮೂಲಕ ಗ್ರಂಥಿಯನ್ನು ಮುಟ್ಟಿ ನೋಡಬೇಕು. ಎಷ್ಟು ಊದಿದೆ, ಮೆದುವೋ, ಎಲ್ಲಾದರೂ ಕಲ್ಲಿನಂತೆ ಗಟ್ಟಿಯಾಗಿದೆಯೋ ಎಂದು ತಿಳಿಯಲು. ಒಂದು ನಿಮಿಷವೂ ಬೇಡ. ಖರ್ಚು ಒಂದು ಕೈಗವಸು. ಗಂಡಸು ಹೌಹಾರುತ್ತಾನೆ. ಜೀವಮಾನವಿಡೀ ನೆರೆಯವರ ಮೇಲೆ, ಸೊಸೆಯ ಮೇಲೆ, ಬೇರೆ ಜಾತಿಯ ಮೇಲೆ, ಬೇರೆ ಪಕ್ಷದ ಮೇಲೆ ಬೆರಳು ತೋರಿಸಿದವನು ತನ್ನ ಪಾಲಿಗೆ ಬಂದ ಒಂದೇ ಒಂದು ಬೆರಳಿಗೆ ಹೆದರಿ ಓಡುತ್ತಾನೆ. 'ಅದರ ಬದಲು ಎಂಆರ್‌ಐ ಮಾಡಿಸಲಾ ಸರ್? ದುಡ್ಡಿನ ಯೋಚನೆ ಇಲ್ಲ.'

ದುಡ್ಡಿನ ಯೋಚನೆ ಇಲ್ಲ ಎಂಬ ಮಾತು ಎದುರಿನವರ ಕಿವಿಗೂ ಬೀಳುತ್ತದೆ.

ಹೀಗಾಗಿ ಬೆರಳು ಮಾಯವಾಗಿ ಪ್ಯಾಕೇಜು ಬಂದಿದೆ. 'ಅಪ್ಪಂದಿರ ದಿನದ ವಿಶೇಷ ಕೊಡುಗೆ.' ನಲವತ್ತೆಂಟು ಪರೀಕ್ಷೆ, ಅರ್ಧ ಬೆಲೆ, ಇಡ್ಲಿ-ವಡೆ ಉಚಿತ. ಅದರಲ್ಲಿ ಪಿಎಸ್‌ಎ ಕೂಡ ಒಂದು. ಮೂವತ್ತೆರಡರ ಹುಡುಗನಿಗೂ ಮಾಡುತ್ತಾರೆ, ಎಂಬತ್ತೆಂಟರ ಅಜ್ಜನಿಗೂ ಮಾಡುತ್ತಾರೆ. ಪಿಎಸ್‌ಎ ಎಂಬುದು ಗ್ರಂಥಿಯಿಂದ ರಕ್ತಕ್ಕೆ ಸೋರುವ ಒಂದು ಪ್ರೋಟೀನು. ಕ್ಯಾನ್ಸರಿನಲ್ಲೂ ಏರುತ್ತದೆ. ಬರೀ ಊತಕ್ಕೂ ಏರುತ್ತದೆ. ಸೋಂಕಾದರೂ ಏರುತ್ತದೆ, ನಳಿಕೆ ಹಾಕಿದರೂ ಏರುತ್ತದೆ. ಇದನ್ನು ಮೊದಲೇ ಕೂರಿಸಿ ಹೇಳಬೇಕು. ಹೇಳುವ ಶುಲ್ಕ ಪ್ಯಾಕೇಜಿನಲ್ಲಿ ಸೇರಿಲ್ಲ. ವರದಿಯಲ್ಲಿ 4ರ ಮೇಲೆ ಇದ್ದರೆ ಕೆಂಪಕ್ಷರ. ಕೆಂಪಕ್ಷರ ನೋಡಿದ ಮನೆಯವರು ಆ ರಾತ್ರಿಯೇ ಉಯಿಲಿನ ಮಾತೆತ್ತುತ್ತಾರೆ.

1970ರಲ್ಲಿ ಪ್ರಾಸ್ಟೇಟಿನ ಪ್ರತಿಜನಕವನ್ನು ಗುರುತಿಸಿದ ಅಮೆರಿಕದ ರಿಚರ್ಡ್ ಆಬ್ಲಿನ್ ಎಂಬ ವಿಜ್ಞಾನಿ 2010ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ತಲೆ ಚಚ್ಚಿಕೊಂಡು ಬರೆದರು: ಕಂಡಕಂಡವರಿಗೆಲ್ಲ ಈ ಪರೀಕ್ಷೆ ಮಾಡುವುದು ನಾಣ್ಯ ಚಿಮ್ಮಿದಂತೆ, ಇದರ ಹಿಂದಿರುವುದು ಲಾಭ ಎಂದು. ಇನ್ನೊಂದು ಕಡೆ ಯೂರೋಪಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಗಂಡಸರನ್ನು 23 ವರ್ಷ ಹಿಂಬಾಲಿಸಿದ ಅಧ್ಯಯನ, ಪರೀಕ್ಷೆಗೆ ಕರೆದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಸಾವು ಶೇ. 13ರಷ್ಟು ಕಡಿಮೆ ಎಂದಿತು. ಎರಡೂ ನಿಜ. ಅದಕ್ಕೇ ಅಮೆರಿಕದ ತಜ್ಞರ ಸಮಿತಿ 2012ರಲ್ಲಿ ಬೇಡವೆಂದಿತು, 2018ರಲ್ಲಿ 55ರಿಂದ 69ರವರು ವೈದ್ಯರ ಜೊತೆ ಮಾತಾಡಿ ತಾವೇ ತೀರ್ಮಾನಿಸಲಿ ಎಂದಿತು. ಮಾತಾಡಿ! ಅದೊಂದೇ ನಮ್ಮಲ್ಲಿ ಆಗದ ಕೆಲಸ. ರೋಗಿಗೆ ನಾಚಿಕೆ, ವೈದ್ಯರಿಗೆ ಪುರುಸೊತ್ತಿಲ್ಲ, ಲ್ಯಾಬಿಗೆ ಎರಡೂ ಲಾಭ.

ಊತ ಬೇರೆ, ಕ್ಯಾನ್ಸರ್ ಬೇರೆ ಎಂಬುದನ್ನಾದರೂ ಯಾರಾದರೂ ಹೇಳಬೇಡವೇ? ಊತ ಹುಟ್ಟುವುದು ನಾಳದ ಸುತ್ತಲಿನ ಒಳಭಾಗದಲ್ಲಿ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಹೊರ ಅಂಚಿನಲ್ಲಿ. ಹಾಗಾಗಿಯೇ ಉಚ್ಚೆ ಕಟ್ಟುವ ಊತ ತೊಂದರೆ ಕೊಟ್ಟು ಕೂಗಿ ಹೇಳುತ್ತದೆ. ಕ್ಯಾನ್ಸರ್ ಶುರುವಿನಲ್ಲಿ ಸದ್ದೇ ಮಾಡುವುದಿಲ್ಲ. ಅದು ಸದ್ದು ಮಾಡುವಾಗ ಎಷ್ಟೋ ಸಲ ಬೆನ್ನುಮೂಳೆ ಸೇರಿರುತ್ತದೆ. ಬೆನ್ನುನೋವಿಗೆ ನಮ್ಮವನು ಮುಲಾಮು ತಿಕ್ಕಿಕೊಳ್ಳುತ್ತಾನೆ. ಮೂರನೆಯದು ಸೋಂಕು, ಉರಿಯೂತ. ಐವತ್ತರೊಳಗಿನವರಿಗೂ ಬರುತ್ತದೆ. ಚಳಿಜ್ವರ, ಉರಿ, ಕಾಲುಗಳ ನಡುವೆ ನೋವು. ಆ ವಯಸ್ಸಿನವನು ಡಾಕ್ಟರ ಹತ್ತಿರ ಹೋಗುವುದೇ ಇಲ್ಲ. ಇದೆಲ್ಲಿ 'ಅಂಥ' ಕಾಯಿಲೆಯೋ ಎಂದು ಅವನಿಗೇ ಅನುಮಾನ. ತನ್ನ ಬಗ್ಗೆ ಅವನಿಗೇ ಗೊತ್ತಲ್ಲ.

ಡಾಕ್ಟರ ಹತ್ತಿರ ಹೋಗದವನು ಎಲ್ಲಿ ಹೋಗುತ್ತಾನೆ? ರೈಲ್ವೆ ಹಳಿಯ ಪಕ್ಕದ ಗೋಡೆ ಓದುತ್ತಾನೆ. ಮತ್ತೆ ಗೋಡೆಯೇ. 'ಗುಪ್ತ ರೋಗ, ಮೂತ್ರದೋಷ, ಪುರುಷತ್ವ - ಲಾಡ್ಜಿನಲ್ಲಿ ಪ್ರತಿ ಮಂಗಳವಾರ ಭೇಟಿ.' ಈ ದೇಶದಲ್ಲಿ 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಎಂಬುದೊಂದಿದೆ. ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡಬಾರದ 54 ಕಾಯಿಲೆಗಳ ಪಟ್ಟಿ ಅದರಲ್ಲಿದೆ. ಹದಿನೈದನೆಯದು ಪ್ರಾಸ್ಟೇಟ್ ಗ್ರಂಥಿಯ ತೊಂದರೆ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಕಾಯ್ದೆಗೆ ಎಪ್ಪತ್ತು ದಾಟಿದೆ. ಆ ವಯಸ್ಸಿನ ಬೇರೆಯವರ ಧಾರೆಯಷ್ಟೇ ಅದರ ರಭಸ. ಜಾಹೀರಾತು ಟಿವಿಯಲ್ಲಿ ಬರುತ್ತದೆ, ಮೊಬೈಲಿನಲ್ಲಿ ಬರುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಈ ಅಂಕಣ ಅಚ್ಚಾದ ಹಾಳೆಯ ಹಿಂಬದಿಯಲ್ಲೂ ಒಂದಿರಬಹುದು. ತಿರುಗಿಸಿ ನೋಡಿ.

ಇಂಗ್ಲಿಷ್ ಬಲ್ಲವರು ಲಾಡ್ಜಿಗೆ ಹೋಗುವುದಿಲ್ಲ. ಅವರದು ಆಮದಾದ ಮೌಢ್ಯ. ಸಾ ಪಾಲ್ಮೆಟೊ ಎಂಬ ಅಮೆರಿಕದ ಕುರುಚಲು ತಾಳೆಯ ಹಣ್ಣಿನ ಸಾರವನ್ನು ಕ್ಯಾಪ್ಸೂಲಿನಲ್ಲಿ ನುಂಗುತ್ತಾರೆ. 2006ರಲ್ಲೂ 2011ರಲ್ಲೂ ಅಮೆರಿಕದವರೇ ಪರೀಕ್ಷಿಸಿ ನೋಡಿದರು. ಎರಡನೆಯ ಸಲ ಪ್ರಮಾಣವನ್ನು ಮೂರು ಪಟ್ಟು ಏರಿಸಿದರು. ಹುಸಿ ಮಾತ್ರೆಗಿಂತ ಒಂದು ಗುಲಗಂಜಿಯೂ ಹೆಚ್ಚಿನ ಗುಣ ಕಾಣಲಿಲ್ಲ. ವಿಟಮಿನ್ ಇ ಪ್ರಾಸ್ಟೇಟ್ ಕಾಯುತ್ತದೆ ಎಂದರು. 35,000 ಗಂಡಸರ ಮೇಲೆ ಪ್ರಯೋಗ ನಡೆಯಿತು. ಮಾತ್ರೆ ನುಂಗಿದವರಲ್ಲಿ ಕ್ಯಾನ್ಸರ್ ಶೇ. 17 ಹೆಚ್ಚೇ ಕಂಡಿತು. ಅಂಗಡಿಯ ಶೆಲ್ಫಿನಲ್ಲಿ ಎರಡೂ ಇವತ್ತಿಗೂ ಅಕ್ಕಪಕ್ಕ ನಿಂತಿವೆ. 'ನ್ಯಾಚುರಲ್' ಅಲ್ಲವೇ.

ಕೆಲಸ ಮಾಡುವ ಔಷಧಿ ಇಲ್ಲವೆಂದಲ್ಲ. ಟ್ಯಾಮ್ಸುಲೋಸಿನ್ ಸ್ನಾಯು ಸಡಿಲಿಸಿ ಕೆಲವೇ ದಿನಗಳಲ್ಲಿ ದಾರಿ ಬಿಡಿಸುತ್ತದೆ. ಫಿನಾಸ್ಟರೈಡ್, ಡುಟಾಸ್ಟರೈಡ್ ತಿಂಗಳುಗಟ್ಟಲೆ ನುಂಗಿದರೆ ಗ್ರಂಥಿಯನ್ನೇ ಕುಗ್ಗಿಸುತ್ತವೆ. ಆಗದಿದ್ದರೆ ಮೂತ್ರನಾಳದ ಒಳಗಿಂದಲೇ ಉಪಕರಣ ತೂರಿಸಿ, ಹೊಟ್ಟೆ ಕೊಯ್ಯದೆ, ಅಡ್ಡ ಬಂದದ್ದನ್ನು ಕೆತ್ತಿ ತೆಗೆಯುತ್ತಾರೆ. ಈಗ ಲೇಸರೂ ಇದೆ. ಆದರೆ ಈ ಮಾತ್ರೆಗಳಿಂದ ಕೆಲವರಿಗೆ ವೀರ್ಯ ಹೊರಬರುವುದು ಕಡಿಮೆಯಾಗುತ್ತದೆ, ಆಸಕ್ತಿಯೂ ತಗ್ಗಬಹುದು. ಹಾಗಾದಾಗ ಏನು ಮಾಡಬೇಕು? ಡಾಕ್ಟರಿಗೆ ಹೇಳಬೇಕು, ಮಾತ್ರೆ ಬದಲಿಸುತ್ತಾರೆ. ನಮ್ಮವನು ಹೇಳುವುದಿಲ್ಲ. ಮಾತ್ರೆಯನ್ನೇ ಸದ್ದಿಲ್ಲದೆ ನಿಲ್ಲಿಸುತ್ತಾನೆ. ಮುಂದಿನ ಭೇಟಿಯಲ್ಲಿ 'ನಿಮ್ಮ ಔಷಧಿ ಹಿಡಿಯಲಿಲ್ಲ' ಎಂದು ಡಾಕ್ಟರನ್ನೇ ಬೈಯುತ್ತಾನೆ.

ಫಿನಾಸ್ಟರೈಡ್ ಕಥೆಯನ್ನು ಪೂರ್ತಿ ಕೇಳಿ. 5 ಮಿಲಿಗ್ರಾಂ ಮಾತ್ರೆಗೆ ಅಮೆರಿಕ 1992ರಲ್ಲಿ ಪ್ರಾಸ್ಟೇಟ್ ಊತಕ್ಕೆಂದು ಒಪ್ಪಿಗೆ ಕೊಟ್ಟಿತು. ಅದೇ ಔಷಧಿಗೆ 1 ಮಿಲಿಗ್ರಾಂ ಲೆಕ್ಕದಲ್ಲಿ 1997ರಲ್ಲಿ ಬೊಕ್ಕತಲೆಗೆಂದು ಒಪ್ಪಿಗೆ. ಮಗ ಕೂದಲಿಗಾಗಿ ನುಂಗುತ್ತಾನೆ. ಗೆಳೆಯರಿಗೆಲ್ಲ ಫೋಟೋ ಸಮೇತ ವರದಿ ಒಪ್ಪಿಸುತ್ತಾನೆ. ಅಪ್ಪ ಅದನ್ನೇ ಉಚ್ಚೆಗಾಗಿ ನುಂಗುತ್ತಾನೆ. ಪಟ್ಟಿಯನ್ನು ಭಗವದ್ಗೀತೆಯ ಹಿಂದೆ ಬಚ್ಚಿಡುತ್ತಾನೆ. ಒಂದೇ ಮನೆ, ಒಂದೇ ಔಷಧಿ. ತಲೆಯ ಮೇಲಾದರೆ ಸ್ಟೈಲು, ಕೆಳಗಾದರೆ ಕಳಂಕ. ಅಂದಹಾಗೆ ಈ ಮಾತ್ರೆ ಪಿಎಸ್‌ಎ ಅಂಕಿಯನ್ನು ಅರ್ಧಕ್ಕರ್ಧ ಇಳಿಸುತ್ತದೆ. ಮಾತ್ರೆ ಬಚ್ಚಿಟ್ಟ ಅಪ್ಪನಿಗೆ ಪ್ಯಾಕೇಜಿನಲ್ಲಿ ಬರುವ 'ನಾರ್ಮಲ್' ವರದಿ ಎಷ್ಟು ನಾರ್ಮಲ್ಲೋ ಅವನೇ ಹೇಳಬೇಕು. ಹೇಳುವುದಿಲ್ಲ.

ಇದು ನಮ್ಮ ದೇಶದ ರೋಗ ಮಾತ್ರ ಎಂದು ಕೊರಗಬೇಡಿ. ಈ ವಿಷಯದಲ್ಲಿ ಗಂಡಸು ವಿಶ್ವಮಾನವ.

ಫ್ರಾನ್ಸಿನ ಮಿತ್ತರಾಂ 1981ರಲ್ಲಿ ಅಧ್ಯಕ್ಷರಾದಾಗ ಒಂದು ಮಾತು ಕೊಟ್ಟರು: ಆರಾರು ತಿಂಗಳಿಗೆ ನನ್ನ ಆರೋಗ್ಯ ವರದಿ ಪ್ರಕಟಿಸುತ್ತೇನೆ, ಮುಚ್ಚುಮರೆ ಇಲ್ಲ ಎಂದು. ಅದೇ ವರ್ಷದ ನವೆಂಬರಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಯಿತು, ಆಗಲೇ ಮೂಳೆಗೆ ಹರಡಿತ್ತು. ಮಾತಿಗೆ ತಪ್ಪಲಿಲ್ಲ ಮಹಾನುಭಾವರು. ಆರಾರು ತಿಂಗಳಿಗೆ ವರದಿ ಬಂತು. ಎಲ್ಲ ಸುಳ್ಳು. ವೈದ್ಯ ಕ್ಲೋದ್ ಗುಬ್ಲೆ ಸಹಿ ಹಾಕುತ್ತಲೇ ಹೋದರು. ಜನಕ್ಕೆ ತಿಳಿದದ್ದು 1992ರಲ್ಲಿ. 1996ರ ಜನವರಿಯಲ್ಲಿ ಮಿತ್ತರಾಂ ಸತ್ತ ಮೇಲೆ ಆ ವೈದ್ಯರು ಪುಸ್ತಕ ಬರೆದು ನಿಜ ಹೇಳಿದರು. ಕೂಡಲೇ ಪುಸ್ತಕಕ್ಕೆ ನಿಷೇಧ, ವೈದ್ಯರಿಗೆ ಶಿಕ್ಷೆ. ಹನ್ನೊಂದು ವರ್ಷ ಸುಳ್ಳಿಗೆ ಸಹಿ ಹಾಕಿದ್ದಕ್ಕಲ್ಲ. ನಿಜ ಹೇಳಿದ್ದಕ್ಕೆ.

ಅಮೆರಿಕದ ಆಗಿನ ರಕ್ಷಣಾ ಕಾರ್ಯದರ್ಶಿ ಲಾಯ್ಡ್ ಆಸ್ಟಿನ್ 2023ರ ಡಿಸೆಂಬರಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಹೊಸ ವರ್ಷದ ದಿನ ಸೋಂಕಾಗಿ ಮತ್ತೆ ಆಸ್ಪತ್ರೆ ಸೇರಿದರು. ಆಗಿನ ಅಧ್ಯಕ್ಷ ಬೈಡನ್ ಅವರಿಗೇ ಹೇಳಲಿಲ್ಲ. ಆಸ್ಪತ್ರೆ ಸೇರಿದ ಸುದ್ದಿ ಶ್ವೇತಭವನಕ್ಕೆ ತಲುಪಲು ಮೂರು ದಿನ ಬೇಕಾಯಿತು, ಕಾಯಿಲೆಯ ಹೆಸರು ತಲುಪಲು ಇನ್ನೂ ಹೆಚ್ಚು. ಜಗತ್ತಿನ ಅತಿ ಬಲಿಷ್ಠ ಸೈನ್ಯ ನಡೆಸುತ್ತಿದ್ದ ನಿವೃತ್ತ ಜನರಲ್. ಯುದ್ಧಕ್ಕೆ ಹೆದರಲಿಲ್ಲ, ಗೋಟಡಿಕೆಗೆ ಹೆದರಿದರು. ಮರುವರ್ಷ ಬೈಡನ್ ಅವರ ಸರದಿ ಬಂತು. 2025ರ ಮೇ ತಿಂಗಳಲ್ಲಿ ಗೊತ್ತಾದಾಗ ಕ್ಯಾನ್ಸರ್ ಮೂಳೆ ಸೇರಿತ್ತು. ಅವರಿಗೆ ಕೊನೆಯ ಸಲ ಪಿಎಸ್‌ಎ ಮಾಡಿದ್ದು 2014ರಲ್ಲಿ ಎಂದು ಅವರ ವಕ್ತಾರರೇ ಹೇಳಿದರು.

ಇದ್ದುದರಲ್ಲಿ ಇಂಗ್ಲೆಂಡಿನ ರಾಜ ಚಾರ್ಲ್ಸ್ ವಾಸಿ. 2024ರ ಜನವರಿಯಲ್ಲಿ 'ನನಗೆ ಪ್ರಾಸ್ಟೇಟ್ ಊದಿದೆ, ಚಿಕಿತ್ಸೆಗೆ ಹೋಗುತ್ತಿದ್ದೇನೆ' ಎಂದು ಅರಮನೆಯಿಂದಲೇ ಹೇಳಿಸಿದರು. ಆ ದಿನ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಪ್ರಾಸ್ಟೇಟ್ ಮಾಹಿತಿಯನ್ನು ಓದಿದವರ ಸಂಖ್ಯೆ ಹಿಂದಿನ ದಿನದ ಹತ್ತು ಪಟ್ಟಿಗೂ ಮೀರಿತು. ರಾಜನಿಗೇ ಆಗಿದೆ ಎಂದ ಮೇಲೆ ಪ್ರಜೆಗಳಿಗೂ ಆಗಲು ಅಪ್ಪಣೆ ಸಿಕ್ಕಿತು.

ನಮ್ಮಲ್ಲಿ ಅಂಥ ಅಪ್ಪಣೆ ಕೊಡುವವರು ಯಾರು? ಎದೆಯ ಅಳತೆಯನ್ನು ವೇದಿಕೆಯಲ್ಲಿ ಹೇಳಿಕೊಳ್ಳುವ ನಾಡು ಇದು. ಗ್ರಂಥಿಯ ಅಳತೆ ಯಾರೂ ಹೇಳರು. ಮುಖಂಡರು ಆಸ್ಪತ್ರೆ ಸೇರಿದರೆ 'ವಿಶ್ರಾಂತಿ', 'ಸಾಮಾನ್ಯ ತಪಾಸಣೆ', ಬಹಳವೆಂದರೆ 'ನಿರ್ಜಲೀಕರಣ'. ಸರ್ಕಾರ ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ನಡೆಸುತ್ತದೆ. ಪ್ರಾಸ್ಟೇಟ್ ಆ ಪಟ್ಟಿಯಲ್ಲಿಲ್ಲ. ಪಿಎಸ್‌ಎ ಅವಾಂತರ ನೋಡಿದರೆ ಅದು ತಪ್ಪೂ ಅಲ್ಲ. ಐಟಿ ಕಂಪನಿಗಳು ಮಾತ್ರ ನವೆಂಬರಿನಲ್ಲಿ ಗಂಡಸರ ಆರೋಗ್ಯದ ಜಾಗೃತಿಗೆಂದು ಮೀಸೆ ಬೆಳೆಸಲು ಹೇಳುತ್ತವೆ. 2003ರಲ್ಲಿ ಮೆಲ್ಬೋರ್ನಿನಲ್ಲಿ ಶುರುವಾದ ಪದ್ಧತಿ. ಮೀಸೆ! ಕರ್ನಾಟಕದ ಗಂಡಸಿಗೆ! ಬೇಕಾದ್ದು ಬಾಯಿ ಬಿಡುವ ಧೈರ್ಯ. ಇವರು ಕೊಡುತ್ತಿರುವುದು ಬಾಯಿ ಮುಚ್ಚುವ ಪರದೆ.

ವಿಮೆಯ ಅರ್ಜಿ ತುಂಬುವಾಗಲೂ ಇದೇ ನಾಟಕ. 'ಮೂತ್ರ ಸಂಬಂಧಿ ತೊಂದರೆ ಇದೆಯೇ?' ಇಲ್ಲ. ಅನೇಕ ಪಾಲಿಸಿಗಳಲ್ಲಿ ಪ್ರಾಸ್ಟೇಟ್ ಊತಕ್ಕೆ ಎರಡು ವರ್ಷ ಕಾಯಬೇಕು. ಕಣ್ಣಿನ ಪೊರೆ, ಮೂಲವ್ಯಾಧಿಗಳ ಜೊತೆ ಸಣ್ಣಕ್ಷರದಲ್ಲಿ ಅದೂ ಇರುತ್ತದೆ. ಇವನು ಬಚ್ಚಿಟ್ಟದ್ದು ದಪ್ಪಕ್ಷರದಲ್ಲಿ, ಅವರು ಬಚ್ಚಿಟ್ಟದ್ದು ಸಣ್ಣಕ್ಷರದಲ್ಲಿ. ಯಾರಿಗೆ ಯಾರು ಮೋಸ ಮಾಡಿದರು ಎಂಬುದು ಬಿಲ್ಲು ಬಂದ ದಿನ ಗೊತ್ತಾಗುತ್ತದೆ.

ಕೊನೆಗೆ ಕರೆತರುವವಳು ಹೆಂಡತಿಯೇ. ತಜ್ಞರು ಒಂದು ಪ್ರಶ್ನಾವಳಿ ಇಟ್ಟುಕೊಂಡಿರುತ್ತಾರೆ. ಏಳು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಐದು ಅಂಕ, ಒಟ್ಟು 35. ಪೂರ್ತಿ ಖಾಲಿಯಾದಂತೆ ಅನಿಸುತ್ತದೆಯೇ? ತುಂಡಾಗಿ ಬರುತ್ತದೆಯೇ? ತಿಣುಕಬೇಕೇ? ಗಂಡ ಛಾವಣಿ ನೋಡುತ್ತಾ ಎಲ್ಲದಕ್ಕೂ 'ಹಾಗೇನಿಲ್ಲ' ಎನ್ನುತ್ತಾನೆ. ಏಳನೆಯ ಪ್ರಶ್ನೆ: ರಾತ್ರಿ ಎಷ್ಟು ಸಲ ಏಳುತ್ತೀರಿ?

'ಒಂದೋ ಎರಡೋ.'

'ಏಳು ಸಲ ಡಾಕ್ಟ್ರೇ,' ಅನ್ನುತ್ತಾಳೆ ಹೆಂಡತಿ. 'ಏಳು ಸಲಾನೂ ನನ್ನ ಮುಖದ ಮೇಲೇ ಲೈಟ್ ಹಾಕ್ತಾರೆ.'

ಡಾಕ್ಟರು ಐದು ಎಂದು ಬರೆದುಕೊಳ್ಳುತ್ತಾರೆ. ಪಟ್ಟಿಯಲ್ಲಿ ಅದಕ್ಕಿಂತ ಹೆಚ್ಚಿಗೆ ಅಂಕವಿಲ್ಲ.